ಗೋದಾಮಿನ ಆರ್‌ಎಫ್‌ಐಡಿ: ಹಾಕಿದ ಹಣ ಮರಳುವ ಲೆಕ್ಕ

ಆರ್‌ಎಫ್‌ಐಡಿ (ಸರಕಿಗೆ ಅಂಟಿಸಿದ ಚಿಕ್ಕ ಟ್ಯಾಗನ್ನು ರೀಡರ್ ಎಂಬ ಯಂತ್ರ ರೇಡಿಯೊ ಅಲೆಯ ಮೂಲಕ ಓದುವ ವ್ಯವಸ್ಥೆ) ಖರೀದಿಗೆ ಮೊದಲು, ಸರಕನ್ನು ಎಣಿಸಲು, ಹುಡುಕಲು ಮತ್ತು ತಪ್ಪು ರವಾನೆಯನ್ನು ಸರಿಪಡಿಸಲು ಈಗ ಎಷ್ಟು ಖರ್ಚಾಗುತ್ತಿದೆ ಎಂಬುದನ್ನು ಕನಿಷ್ಠ ಒಂದು ತಿಂಗಳು ಬರೆದಿಡಿ. ಈ ಅಂಕಿ ಇಲ್ಲದ ಲಾಭದ ಲೆಕ್ಕ ಬರೀ ಊಹೆ.

ರೀಡರ್, ಆಂಟೆನಾ, ತಂತ್ರಾಂಶ ಮತ್ತು ತರಬೇತಿ ಒಮ್ಮೆ ಮಾಡುವ ಖರ್ಚು. ಟ್ಯಾಗ್ ಮತ್ತು ನಿರ್ವಹಣೆ ಪ್ರತಿ ವರ್ಷದ ಖರ್ಚು. ಮೊದಲ ಖರ್ಚು ₹20 ಲಕ್ಷ, ತಲಾ ₹5ರಂತೆ ವರ್ಷಕ್ಕೆ 2 ಲಕ್ಷ ಟ್ಯಾಗ್‌ಗಳಿಗೆ ₹10 ಲಕ್ಷ, ನಿರ್ವಹಣೆಗೆ ₹2 ಲಕ್ಷ, ವಾರ್ಷಿಕ ಉಳಿತಾಯ ₹18 ಲಕ್ಷ ಎಂದುಕೊಳ್ಳೋಣ. ಕೈಗೆ ನಿಲ್ಲುವುದು ವರ್ಷಕ್ಕೆ ₹6 ಲಕ್ಷ. ಬಂಡವಾಳ ಮರಳಲು ಸುಮಾರು 3 ವರ್ಷ 4 ತಿಂಗಳು ಬೇಕು. ಇಲ್ಲಿ ಭಾರವೆಲ್ಲ ಟ್ಯಾಗಿನದೇ. ಆದ್ದರಿಂದ ಪ್ರತಿ ವಸ್ತುವಿಗೆ ಅಂಟಿಸುವ ಬದಲು, ತಿರುಗಿ ಬರುವ ಪ್ಲಾಸ್ಟಿಕ್ ಕ್ರೇಟುಗಳಿಗೆ ಟ್ಯಾಗ್ ಹಾಕಿದರೆ ಲೆಕ್ಕವೇ ಬದಲಾಗುತ್ತದೆ.

ಖರ್ಚು ಹೊರುವವರು ಯಾರು, ಲಾಭ ಪಡೆಯುವವರು ಯಾರು ಎಂಬುದನ್ನೂ ಕೇಳಲೇಬೇಕು. 2003ರಲ್ಲಿ ಅಮೆರಿಕದ ವಾಲ್‌ಮಾರ್ಟ್, 2005ರ ಜನವರಿಯೊಳಗೆ ಪೆಟ್ಟಿಗೆ ಮತ್ತು ಅವನ್ನು ಜೋಡಿಸಿಡುವ ಹಲಗೆಗಳಾದ ಪ್ಯಾಲೆಟ್‌ಗಳಿಗೆ ಟ್ಯಾಗ್ ಹಾಕುವಂತೆ ತನ್ನ 100 ಪ್ರಮುಖ ಪೂರೈಕೆದಾರರಿಗೆ ಸೂಚಿಸಿದಾಗ, ಟ್ಯಾಗಿನ ಖರ್ಚು ಪೂರೈಕೆದಾರರ ಮೇಲೆ ಬಿತ್ತು. ಬೆಂಗಳೂರಿನ ಉಡುಪು ರಫ್ತು ಘಟಕಗಳೂ ಖರೀದಿದಾರರು ಟ್ಯಾಗ್ ಕೇಳಿದರೆ ಅದರ ಖರ್ಚನ್ನು ದರದ ಮಾತುಕತೆಯಲ್ಲೇ ಸೇರಿಸುವುದು ಒಳಿತು.

ಕೊನೆಯದಾಗಿ, ಒಂದೇ ಬಾಗಿಲಿನಲ್ಲಿ ಪ್ರಯೋಗ ಮಾಡಿ. ಬಟ್ಟೆಯ ಪೆಟ್ಟಿಗೆಯನ್ನು ಸಲೀಸಾಗಿ ಓದುವ, ಅತಿ ಹೆಚ್ಚಿನ ಆವರ್ತನದ ರೇಡಿಯೊ ಅಲೆ ಬಳಸುವ ಯುಎಚ್‌ಎಫ್ ರೀಡರ್, ನೀರಿನ ಬಾಟಲಿ ಅಥವಾ ತಗಡಿನ ಡಬ್ಬಿಗಳ ನಡುವಿನ ಟ್ಯಾಗನ್ನು ಬಿಟ್ಟುಬಿಡಬಹುದು. ಹಾಗೆ ತಪ್ಪಿದ ಪ್ರತಿ ಪೆಟ್ಟಿಗೆಯನ್ನು ಕೈಯಿಂದ ಎಣಿಸುವ ಕೂಲಿಯನ್ನು ಉಳಿತಾಯದಿಂದ ಕಳೆಯಿರಿ.