ಹಳೆಯ ಜೀಪಿನ ಡೀಸೆಲ್ ಮುಳ್ಳು ಹಾದಿಗೆ ಬಂದ ಬಗೆ

ನಮ್ಮ ಹಳೆಯ ಡೀಸೆಲ್ ಜೀಪಿನ ಇಂಧನದ ಮುಳ್ಳು ಟ್ಯಾಂಕ್ ತುಂಬಿದ್ದಾಗ ಹೆಚ್ಚುಕಡಿಮೆ ಸರಿಯಾಗಿಯೇ ನಿಲ್ಲುತ್ತಿತ್ತು. ಅರ್ಧಕ್ಕೆ ಬಂದ ಮೇಲೆ, ಅದರಲ್ಲೂ ತೋಟದ ಕಲ್ಲುದಾರಿಯಲ್ಲಿ, ನಿಧಾನವಾಗಿ ಖಾಲಿಯ ಗೆರೆಗೆ ಇಳಿದು, ಡಾಂಬರು ರಸ್ತೆ ಸೇರಿದ ಬಳಿಕ ಮತ್ತೆ ಮೇಲೇರುತ್ತಿತ್ತು. ಮೀಟರನ್ನೇ ಬದಲಾಯಿಸಿ ಎಂದವರು ಹಲವರು. ಆದರೆ ಇಂಥ ವಾಹನಗಳಲ್ಲಿ ಮೀಟರಿಗಿಂತ ಟ್ಯಾಂಕಿನ ಕಡೆಯ ಭಾಗಗಳು ಕೆಡುವುದೇ ಹೆಚ್ಚಾದ್ದರಿಂದ ನಾನು ಅಲ್ಲಿಂದಲೇ ಆರಂಭಿಸಿದೆ.

ಈ ಬಗೆಯ ಮೀಟರಿನೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಟ್ಯಾಂಕಿನೊಳಗಿನ ಯೂನಿಟ್ಟಿನಲ್ಲಿ ಡೀಸೆಲ್ ಮೇಲೆ ತೇಲುವ ಫ್ಲೋಟ್ ಇದ್ದು, ಡೀಸೆಲ್ ಹೆಚ್ಚಿ ಅದು ಮೇಲೇರಿದಂತೆ ಅದರ ತೋಳು ತಂತಿಯ ಸುರುಳಿಯ ಮೇಲೆ ಜಾರಿ ರೆಸಿಸ್ಟೆನ್ಸನ್ನು, ಅಂದರೆ ಕರೆಂಟಿಗೆ ಒಡ್ಡುವ ತಡೆಯನ್ನು, ತಗ್ಗಿಸುತ್ತದೆ. ಆಗ ಕರೆಂಟು ಹೆಚ್ಚಿ, ಪಟ್ಟಿ ಕಾದು ಬಾಗಿ, ಮುಳ್ಳನ್ನು ತಳ್ಳುತ್ತದೆ. ಪಟ್ಟಿ ಕಾಯುವುದಕ್ಕೂ ಆರುವುದಕ್ಕೂ ಹೊತ್ತು ಹಿಡಿಯುವುದರಿಂದ, ಸಂಪರ್ಕ ಕ್ಷಣಕ್ಷಣಕ್ಕೂ ಕಡಿಯುತ್ತಿದ್ದರೂ ಮುಳ್ಳು ನಡುಗುವುದಿಲ್ಲ, ದಣಿದ ಎತ್ತಿನಂತೆ ಕೆಳಗೆ ಕೂರುತ್ತದೆ. ಇಂಜಿನ್ ಬಿಸಿಯನ್ನು ತೋರಿಸುವ ಮುಳ್ಳಿಗೂ ಇದಕ್ಕೂ ಸುಮಾರು 10 ವೋಲ್ಟ್ ಕೊಡುವ ಒಂದೇ ಸ್ಟೆಬಿಲೈಸರ್ ಇದ್ದು, ಬಿಸಿಯ ಮುಳ್ಳು ಸರಿಯಾಗಿಯೇ ಇದ್ದುದರಿಂದ ಆ ಕಡೆಯ ಅನುಮಾನ ಉಳಿಯಲಿಲ್ಲ.

ಟ್ಯಾಂಕನ್ನು ಬಿಚ್ಚುವ ಮುನ್ನ, ಕೀ ಹಾಕಿಟ್ಟು, ಟ್ಯಾಂಕ್ ಯೂನಿಟ್ಟಿನ ವೈರನ್ನು ಕಳಚಿದೆ. ಮುಳ್ಳು ಖಾಲಿಗೆ ಇಳಿಯಿತು. ಅದೇ ವೈರನ್ನು 10 ಓಮಿನ ರೆಸಿಸ್ಟರ್ ಮೂಲಕ ಚಾಸಿಗೆ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ಜೀಪಿನ ಲೋಹದ ಚೌಕಟ್ಟಿಗೆ, ಮುಟ್ಟಿಸಿದಾಗ ಪೂರ್ತಿ ಮೇಲೇರಿತು. ನೇರವಾಗಿ ಮುಟ್ಟಿಸಿ ಹಿಡಿದರೆ ಮೀಟರು ಸುಟ್ಟುಹೋಗಬಹುದು, ಅದಕ್ಕೇ ರೆಸಿಸ್ಟರ್. ಅಲ್ಲಿಗೆ ಮೀಟರು, ವೈರಿಂಗು ಎರಡೂ ನಿರ್ದೋಷಿಗಳೆಂದಾಯಿತು.

ಅನಂತರ ಬ್ಯಾಟರಿಯ ನೆಗೆಟಿವ್ ಕಳಚಿ, ಯೂನಿಟ್ಟಿನ ಮೈಗೂ ಚಾಸಿಗೂ ನಡುವೆ ರೆಸಿಸ್ಟೆನ್ಸ್ ಅಳೆಯಲು ಮಲ್ಟಿಮೀಟರ್ ಇಟ್ಟೆ. ಶೂನ್ಯದ ಆಸುಪಾಸಿನಲ್ಲಿರಬೇಕಾದ ಅಳತೆ, ಟ್ಯಾಂಕನ್ನು ತಟ್ಟಿದಾಗಲೆಲ್ಲ ಏರಿಳಿಯುತ್ತಿತ್ತು. ತುಕ್ಕು ಉಜ್ಜಿ, ಯೂನಿಟ್ಟಿನ ಸ್ಕ್ರೂವಿನಿಂದ ಚಾಸಿಗೆ ಬೇರೆಯೇ ಅರ್ತ್ ವೈರ್ ಎಳೆದ ಮೇಲೆ ತೊಂದರೆ ಬಹಳ ಕಡಿಮೆಯಾಯಿತು. ಆದರೆ ಅರ್ಧ ಟ್ಯಾಂಕಿನಲ್ಲಿ ಮಾತ್ರ ಅದೇ ಹಳೆಯ ಚಾಳಿ.

ಹಾಗಾಗಿ ಯೂನಿಟ್ಟನ್ನು ಹೊರತೆಗೆಯಲೇಬೇಕಾಯಿತು. ಫ್ಲೋಟನ್ನು ಕೈಯಿಂದ ನಿಧಾನವಾಗಿ ಎತ್ತುತ್ತ ಹೋದಾಗ ಅಳತೆ 70 ಓಮಿನಿಂದ ನಯವಾಗಿ ಇಳಿಯುತ್ತ, ನಡುವೆ ಒಮ್ಮೆಲೇ ಕಡಿದು, ಮತ್ತೆ ಸಿಕ್ಕಿ 10ರ ಹತ್ತಿರ ಮುಟ್ಟಿತು. ಕಡಿದ ಜಾಗದಲ್ಲಿ ತಂತಿಯ ಸುತ್ತುಗಳು ತೋಳಿನ ತುದಿಯಷ್ಟೇ ಅಗಲಕ್ಕೆ ಸವೆದು ಹೊಳೆಯುತ್ತಿದ್ದವು. ನಾವು ಯಾವಾಗಲೂ ಅರ್ಧ ಟ್ಯಾಂಕ್ ಹಾಕಿಸುವವರು; ಕಲ್ಲುದಾರಿಯ ಅದುರಾಟವೆಲ್ಲ ವರ್ಷಗಟ್ಟಲೆ ಅದೊಂದೇ ಜಾಗವನ್ನು ತೇಯ್ದಿತ್ತು. ತಂತಿ ಎಲ್ಲೂ ತುಂಡಾಗಿರಲಿಲ್ಲವಾದ್ದರಿಂದ, ಸುರುಳಿಯನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ತೋಳಿನ ತುದಿಯನ್ನು ಸವೆಯದ ಪಕ್ಕಕ್ಕೆ ಕೂದಲೆಳೆಯಷ್ಟು ಬಾಗಿಸಿದೆ. ಮತ್ತೆ ಅಳೆದಾಗ ಸಂಪರ್ಕ ಎಲ್ಲಿಯೂ ಕಡಿಯಲಿಲ್ಲ. ಹೊಸ ಯೂನಿಟ್ ಕೊಳ್ಳುವುದಾದರೆ ಅದರ ಖಾಲಿ ಮತ್ತು ತುಂಬಿದ ಅಳತೆಗಳು ಹಳೆಯದಕ್ಕೆ ಹೊಂದಲೇಬೇಕು, ಏಕೆಂದರೆ 0–90, 10–180, 240–33 ಓಂ ಎಂದು ಬೇರೆ ಬೇರೆ ಶ್ರೇಣಿಯವು ಅಂಗಡಿಯಲ್ಲಿ ಸಿಗುತ್ತವೆ.

ಹೊಸ ಕಾರ್ಕ್ ಪ್ಯಾಕಿಂಗ್ ಹಾಕಿ ಮುಚ್ಚಿ, 5 ಲೀಟರಿನ ಕ್ಯಾನಿನಿಂದ ಸುರಿಯುತ್ತ, ಪ್ರತಿ ಸಲ ಪಟ್ಟಿ ಕಾಯುವಷ್ಟು ಹೊತ್ತು ತಡೆದು, ಮುಳ್ಳು ನಿಂತ ಜಾಗವನ್ನು ಚೀಟಿಯಲ್ಲಿ ಗುರುತು ಮಾಡಿಕೊಂಡೆ. ಆ ಚೀಟಿ ಈಗ ಡ್ಯಾಶ್‌ಬೋರ್ಡಿನ ಒಳಗಿದೆ.