ಕತ್ತರಿ ಬಿದ್ದ ಜಾಗಕ್ಕೆ ಕಿವಿ ಕೊಟ್ಟವನ ಲೆಕ್ಕ

ವಯಸ್ಕರ ಚಿತ್ರವಾದರೂ ಚೆನ್ನಾಗಿ ತೆಗೆದದ್ದಾಗಿರಬೇಕಲ್ಲ ಎಂದು ನಾನೆಂದರೆ, “ಮಧ್ಯಾಹ್ನದ ಆಟಕ್ಕೆ ಬರುವವರು ಛಾಯಾಗ್ರಹಣ ನೋಡಲು ಬರುತ್ತಾರೆಯೇ ಭಾವ? ಪೋಸ್ಟರು ಚೆನ್ನಾಗಿದ್ದರೆ ಸಾಕು” ಎಂದು ನನ್ನ ಭಾವ ನಗುತ್ತಿದ್ದ. ಕಾಸರಗೋಡಿನ ಕುಂಬಳೆಯಿಂದ ಸ್ವಲ್ಪ ಒಳಗಿದ್ದ ಹಂಚಿನ ಮಾಡಿನ ಟಾಕೀಸನ್ನು ನಾನು ಲೀಸಿಗೆ ಹಿಡಿದ ಹೊಸತು. ಮಲಯಾಳದಲ್ಲಿ ‘ಎ’ ಪ್ರಮಾಣಪತ್ರದ ಚಿತ್ರಗಳ ಅಲೆ ಎದ್ದಿದ್ದ 2000–2001ರ ಕಾಲ. ಪೋಸ್ಟರು ನೋಡಿಯೇ ಮೊದಲ ಐದು ಚಿತ್ರ ತಂದೆ. ಐದರಲ್ಲಿ ನಾಲ್ಕು ಎರಡನೆಯ ದಿನಕ್ಕೇ ಮಲಗಿದವು. ಬಾಡಿಗೆ, ಪೆಟ್ಟಿಗೆ ಸಾಗಣೆ, ಪಂಚಾಯತಿನ ಮನೋರಂಜನಾ ತೆರಿಗೆ, ಎಲ್ಲ ಸೇರಿ ಸುಮಾರು ನಲವತ್ತು ಸಾವಿರ ಹೋಯಿತು. ಅದು ಆ ವರ್ಷದ ಅಡಿಕೆಯ ದುಡ್ಡು.

ಸೋತ ನಾಲ್ಕರಲ್ಲೂ ನಟಿ, ಹಾಡು, ಪೋಸ್ಟರು ಯಾವುದಕ್ಕೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತಯಾರಿಕೆಯಲ್ಲಿ. ಎರಡು ಮನೆಗಳಲ್ಲಿ ಒಂದೇ ಕರ್ಟನು, ನಾಯಕಿಗೂ ಅವಳ ಅತ್ತೆಗೂ ಒಂದೇ ಡಬ್ಬಿಂಗ್ ಕಂಠ, ಕ್ಯಾಮೆರಾವನ್ನು ಟ್ರಾಲಿಯಲ್ಲಿ ದೂಡಬೇಕಾದಲ್ಲೆಲ್ಲ ಬರೀ ಜೂಮು. ನಡೆಯುವವರ ಹೆಜ್ಜೆಗೆ ಸದ್ದೇ ಇಲ್ಲ. ಪ್ರೇಕ್ಷಕ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎದ್ದು ಬೀಡಿ ಹಚ್ಚಲು ಹೊರಗೆ ಹೋಗುತ್ತಾನೆ. ಒಂದು ವಾರ ಗೂಡಂಗಡಿಯ ಬೆಂಚಿನಲ್ಲಿ ಕುಳಿತು, ಇಂಟರ್‌ವಲ್‌ಗೆ ಮೊದಲೇ ಹೊರಬಂದವರನ್ನು ಎಣಿಸಿದ್ದೆ. ಕೆಟ್ಟ ಚಿತ್ರಕ್ಕೆ ಮೂವತ್ತು ನಲವತ್ತು ಮಂದಿ, ಸುಮಾರಾದದ್ದಕ್ಕೆ ಎಂಟೋ ಹತ್ತೋ. ಅಂಗಡಿಯವನಿಗೆ ಮಾತ್ರ ಕೆಟ್ಟ ಚಿತ್ರವೇ ಇಷ್ಟ.

ಆಮೇಲೆ ಕಲ್ಲಿಕೋಟೆಯ ಹಂಚಿಕೆದಾರರಿಗೆ ಒಂದು ಷರತ್ತು ಹಾಕಿದೆ: ಹಣ ಕಟ್ಟುವ ಮೊದಲು ಎರಡು ರೀಲು ಓಡಿಸಿ ತೋರಿಸಬೇಕು. ರೀಲಿನ ಆಯ್ಕೆ ನನ್ನದು. ಬಿಸಿ ದೃಶ್ಯಗಳ ರೀಲು ತೋರಿಸಲು ಅವರಿಗೆ ಆತುರ, ನನಗೆ ಅದು ಬೇಡ. ಅಂಥ ದೃಶ್ಯಕ್ಕೆ ಎಂಥ ನಿರ್ಮಾಪಕನೂ ಒಂದು ಒಳ್ಳೆಯ ದೀಪ ಬಾಡಿಗೆಗೆ ತರುತ್ತಾನೆ. ಅಡುಗೆಮನೆಯ ಮಾತುಕತೆಗೆ ದೀಪ ತಂದಿದ್ದಾನೆಯೇ, ಹಿಂದಿನ ಗೋಡೆಯ ಮೇಲೆ ಒಬ್ಬನಿಗೆ ಎರಡು ನೆರಳು ಬಿದ್ದಿವೆಯೇ, ಇಷ್ಟೇ ನಾನು ನೋಡುತ್ತಿದ್ದದ್ದು. ಯಾವ ಎರಡು ರೀಲು ಕೇಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ನಲವತ್ತು ಸಾವಿರ ಖರ್ಚಾಗಿದೆ.

ಆದರೆ ನಿಜವಾದ ಪರೀಕ್ಷೆ ಕಣ್ಣಿನದ್ದಲ್ಲ, ಕಿವಿಯದ್ದು. ಆಗ ಪ್ರಮಾಣಪತ್ರದ ಎಡಗಡೆಯ ಕೆಳಮೂಲೆಯಲ್ಲಿ ತ್ರಿಕೋನ ಇದ್ದರೆ ಸೆನ್ಸಾರಿನಲ್ಲಿ ಕತ್ತರಿ ಬಿದ್ದಿದೆ ಎಂದರ್ಥವಾಗಿತ್ತು. ‘ಎ’ ಚಿತ್ರದಲ್ಲಿ ತ್ರಿಕೋನ ಇಲ್ಲದ್ದನ್ನು ನಾನು ಕಂಡದ್ದು ಕಡಿಮೆ. ಕತ್ತರಿ ಬಿದ್ದಲ್ಲಿ ಗಾಯಕ್ಕೆ ಮದ್ದು ಮಾಡಿದ್ದಾರೆಯೇ ಎಂದು ಕೇಳಿಸಿಕೊಳ್ಳಬೇಕು. ಚಿತ್ರ ಹಾರಿ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಳೆದು ಶಬ್ದ ಹಾರಿದರೆ ಪ್ರಿಂಟನ್ನೇ ಕತ್ತರಿಸಿ ಅಂಟಿಸಿದ್ದಾರೆ. ಫಿಲ್ಮ್ ಪ್ರೊಜೆಕ್ಟರಿನಲ್ಲಿ ಶಬ್ದ ಓದುವ ತಲೆ, ಚಿತ್ರದ ಮೇಲೆ ಬೆಳಕು ಬೀಳುವ ಗೇಟಿನಿಂದ ಸುಮಾರು ಇಪ್ಪತ್ತೊಂದು ಫ್ರೇಮು ಕೆಳಗಿರುತ್ತದಲ್ಲ, ಆ ಅಂತರ ಅದು. ಎರಡೂ ಒಟ್ಟಿಗೆ ಹಾರಿದರೆ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸಿ ಅಷ್ಟಕ್ಕೇ ಬಿಟ್ಟಿದ್ದಾರೆ. ಚಿತ್ರ ಹಾರಿಯೂ ಹಿನ್ನೆಲೆ ಸಂಗೀತ ಒಂದೇ ಎಳೆಯಲ್ಲಿ ಹರಿದರೆ, ಸೆನ್ಸಾರ್ ಆದ ಮೇಲೂ ಕೈಯಿಂದ ದುಡ್ಡು ಹಾಕಿ ಶಬ್ದದ ಮರುಮಿಶ್ರಣ ಮಾಡಿಸಿದ ನಿರ್ಮಾಪಕ ಅವನು. ಅಂಥವನ ಚಿತ್ರದಲ್ಲಿ ಅಡುಗೆಮನೆಯೂ ಚೆನ್ನಾಗಿಯೇ ಇರುತ್ತದೆ. ಈ ಲೆಕ್ಕ ನನಗೆ ಒಮ್ಮೆ ಮಾತ್ರ ತಪ್ಪಿದೆ.

ಇನ್ನೊಂದು ಗಡಿಯಾರದ ಲೆಕ್ಕ. ಫಿಲ್ಮು ಓಡುವುದು ನಿಮಿಷಕ್ಕೆ ತೊಂಬತ್ತು ಅಡಿ, ಅಂದರೆ ಇಪ್ಪತ್ತೇಳೂವರೆ ಮೀಟರಿಗೆ ಚೂರು ಕಡಿಮೆ. ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ 2,600 ಮೀಟರು ಎಂದಿದ್ದರೆ 95 ನಿಮಿಷಕ್ಕೆ ಮುಗಿಯಬೇಕು. ಒಂದು ಚಿತ್ರ 104ರ ತನಕ ಓಡಿತು. ಹೆಚ್ಚಿನ ಒಂಬತ್ತು ನಿಮಿಷ ಎಲ್ಲಿಂದ ಬಂತೆಂದು ನಮ್ಮವರಿಗೆ ಹೇಳಬೇಕಾಗಿಲ್ಲ, ‘ತುಂಡು’, ಅಂದರೆ ಸೆನ್ಸಾರಿಗೆ ತೋರಿಸದೆ ನಡುವೆ ಅಂಟಿಸಿದ ಬಿಸಿ ದೃಶ್ಯ. 1952ರ ಸಿನಿಮಾಟೋಗ್ರಾಫ್ ಕಾಯಿದೆಯಲ್ಲಿ ಅದು ಅಪರಾಧ. ಪೆಟ್ಟಿಗೆ ವಾಪಸು ಕಳುಹಿಸಿದೆ, ಮುಂಗಡದ ಆರು ಸಾವಿರ ವಾಪಸು ಬರಲಿಲ್ಲ.

ಶಬ್ದ ಪೂರ್ತಿ ಬಂದ್ ಮಾಡಿ ಬರೀ ಚಿತ್ರ ನೋಡಿ ತೀರ್ಮಾನಿಸುವ ಪ್ರಯೋಗವನ್ನೂ ಮಾಡಿದ್ದೆ. ಏನೂ ಪ್ರಯೋಜನವಾಗಲಿಲ್ಲ, ನಮ್ಮ ಆಪರೇಟರಿಗೆ ಮಾತ್ರ ಒಳ್ಳೆಯ ನಿದ್ದೆ ಬಂತು. ಕಣ್ಣು ಮುಚ್ಚಿ ಬರೀ ಕೇಳುವುದು ಅದಕ್ಕಿಂತ ಎಷ್ಟೋ ಮೇಲು.

ಗೆದ್ದದ್ದು ಜಡಿಮಳೆಯ ಜುಲೈಯಲ್ಲಿ. ಪೋಸ್ಟರಿನಲ್ಲಿ ಹಲಸಿನ ಮರದ ಕೆಳಗೆ ಒಬ್ಬ ಮುದುಕ ಮಾತ್ರ ಇದ್ದ ಚಿತ್ರ. ಆಚೀಚೆಯ ಟಾಕೀಸಿನವರು ಮುಟ್ಟದ್ದರಿಂದ ವಾರಕ್ಕೆ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ಮೂರು ಕಡೆ ಕತ್ತರಿ ಬಿದ್ದಿತ್ತು, ಸಂಗೀತ ಒಂದು ಕಡೆಯೂ ಕಡಿದಿರಲಿಲ್ಲ. ಮಂಚಕ್ಕಿಂತ ಹೆಚ್ಚು ಮಳೆಯನ್ನೇ ತೋರಿಸಿದ ಚಿತ್ರವದು, ಮಳೆಯ ಸದ್ದು ಕೇಳಿದವರು ಮಾಡು ಸೋರುತ್ತಿದೆಯೇ ಎಂದು ಮೇಲೆ ನೋಡುತ್ತಿದ್ದರು. (ಎರಡು ಕಡೆ ಸೋರುತ್ತಿದ್ದುದೂ ಹೌದು.) ಹದಿನೈದು ರೂಪಾಯಿ ಟಿಕೆಟಿನಲ್ಲಿ ಮೂರು ವಾರ ಓಡಿ, ಖರ್ಚು ಕಳೆದು ಇಪ್ಪತ್ತೆರಡು ಸಾವಿರದಷ್ಟು ಉಳಿಯಿತು. ಎರಡನೆಯ ವಾರ ಭಾವ ಟಿಕೆಟು ತೆಗೆದುಕೊಂಡೇ ಬಂದು ಕುಳಿತ. “ಕರ್ಟನು ಬೇರೆ ಬೇರೆ ಇದೆ ಭಾವ” ಎಂದ, ಅಷ್ಟೇ.

ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಪ್ರೊಜೆಕ್ಟರಿನ ಹಳೆಯ ಕಾರ್ಬನ್ ದೀಪ ತೆಗೆದು ಸೆಕೆಂಡ್ ಹ್ಯಾಂಡ್ ಜೆನಾನ್ ದೀಪ ಹಾಕಿಸಿದೆ. ಹೊಸ ಬೆಳಕಿನಲ್ಲಿ, ಹಿಂದೆ ನಾನೇ ಒಳ್ಳೆಯದೆಂದು ತಂದಿದ್ದ ಒಂದು ಚಿತ್ರವನ್ನು ಮತ್ತೆ ಓಡಿಸಿದಾಗ, ಅದರ ರಾತ್ರಿಯ ದೃಶ್ಯಗಳಲ್ಲಿ ತೆಂಗಿನ ನೆರಳು ಕಡ್ಡಿ ಗೀರಿದಂತೆ ಎದ್ದು ಕಂಡಿತು. ಎಲ್ಲವನ್ನೂ ನಡುಹಗಲಲ್ಲಿ ತೆಗೆದಿದ್ದರು.