ಮಂಗಳವಾರದ ಕ್ಲಿನಿಕ್ಕನ್ನು ಅಲ್ಲಿಗೆ ಬರುವವರೇ ತಿದ್ದಿದರು: ನನ್ನ ಅನುಭವ

ದಕ್ಷಿಣ ಕೊಡಗಿನ ಒಂದು ಮಾನಸಿಕ ಆರೋಗ್ಯ ತಂಡದಲ್ಲಿ ನಾನು ಸಮಾಜ ಕಾರ್ಯಕರ್ತೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ ಅನ್ನುವುದು ಜನಕ್ಕೆ ಗೊತ್ತಾಗಿದೆ. ಡಾಕ್ಟರ್ ಇದ್ದಾರೆ, ಮಾತ್ರೆ ಉಚಿತ. ಆದರೂ ಕೆಲವು ತಿಂಗಳು ತಪ್ಪದೆ ಬಂದವರು ನಡುವೆ ನಿಲ್ಲಿಸಿಬಿಡುತ್ತಿದ್ದರು, ಅದರಲ್ಲೂ ಡಿಸೆಂಬರಿನಿಂದ ಮಾರ್ಚ್ ಒಳಗೆ. ಯಾಕೆ ಅಂತ ನಾವು ನಾವೇ ಊಹಿಸುವುದಕ್ಕಿಂತ ಅವರನ್ನೇ ಕೂರಿಸಿಕೊಂಡು ಕ್ಲಿನಿಕ್ ಹೇಗೆ ನಡೆಯಬೇಕು ಅಂತ ತೀರ್ಮಾನಿಸೋಣ ಎಂದು ಹೊರಟೆವು.

ಸಭೆ ಕರೆಯುವ ಮೊದಲು ಡಾಕ್ಟರ ಜೊತೆ ಕೂತು ಒಂದು ಪಟ್ಟಿ ಮಾಡಿಕೊಂಡೆ. ನಮ್ಮ ಕೈಯಲ್ಲೇ ಇರುವ ವಿಷಯಗಳು ಯಾವುವು? ಸರದಿ ಹೇಗಿರಬೇಕು, ಹೆಸರು ಹೇಗೆ ಕರೆಯಬೇಕು, ಒಳಗೆ ಯಾರು ಕೂರಬೇಕು, ಎಷ್ಟು ದಿನದ ಮಾತ್ರೆ ಕೊಡಬಹುದು. ಇವುಗಳಲ್ಲಿ ಅವರು ಹೇಳಿದ ಹಾಗೆ ನಡೆಯುತ್ತೇವೆ, ಚಿಕಿತ್ಸೆಯ ದೃಷ್ಟಿಯಿಂದ ಆಗದಿದ್ದರೆ ಕಾರಣ ಹೇಳುತ್ತೇವೆ ಅಂತ ಮೊದಲೇ ಒಪ್ಪಿಸಿಕೊಂಡೆ. ಹೀಗೆ ಮಾಡದೆ ಬರೀ ಅಭಿಪ್ರಾಯ ಕೇಳಿದರೆ ಜನ ಒಂದು ಸಲ ಹೇಳಿ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದವರನ್ನು ಮತ್ತೆ ಮಾತಾಡಿಸುವುದು ಬಹಳ ಕಷ್ಟ.

ಸಭೆಯನ್ನು ಆಸ್ಪತ್ರೆಯಲ್ಲಿ ಇಡಲಿಲ್ಲ. ಗೋಣಿಕೊಪ್ಪದಲ್ಲಿ ಭಾನುವಾರ ಸಂತೆ. ತೋಟದ ಕೆಲಸಗಾರರಿಗೆ ರಜೆ, ತೋಟದ ಸಾಲುಮನೆಗಳಾದ ಲೈನ್ ಮನೆಯಿಂದ, ಆದಿವಾಸಿಗಳ ಹಾಡಿಯಿಂದ ಹೇಗೂ ಪೇಟೆಗೆ ಬರುತ್ತಾರೆ. ಅಲ್ಲೇ ಹತ್ತಿರ ಒಂದು ಹಾಲ್ ಹಿಡಿದೆವು. ಊರಿನ ದಾನಿಗಳ ನೆರವಿನಿಂದ ಬಸ್ ಚಾರ್ಜು, ಅರ್ಧ ದಿನದ ಕೂಲಿ ಕೊಟ್ಟೆವು. ‘ಅವರ ಒಳ್ಳೆಯದಕ್ಕೇ ಮಾಡುವ ಸಭೆಗೆ ದುಡ್ಡು ಯಾಕೆ’ ಅಂತ ಕೆಲವರು ಕೇಳಿದರು. ಅದೇ ಸಭೆಯಲ್ಲಿ ಕೂರುವ ಡಾಕ್ಟರಿಗೆ, ನನಗೆ ಸಂಬಳ ಇದೆ. ಅವರೂ ಕೆಲಸ ಮಾಡುವುದಕ್ಕೇ ಬಂದಿರುತ್ತಾರೆ.

ಕಾಯಿಲೆ ಇರುವವರನ್ನು, ಅವರನ್ನು ನೋಡಿಕೊಳ್ಳುವ ಮನೆಯವರನ್ನು ಮೊದಲು ಬೇರೆ ಬೇರೆ ಕೂರಿಸಿದ್ದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಎರವ ಆದಿವಾಸಿಗಳ ಭಾಷೆ ಮಾತಾಡುವವರಿಗೆ ಹಾಡಿಯ ಆಶಾ ಕಾರ್ಯಕರ್ತೆಯೇ ಜೊತೆಗಿದ್ದರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಯಾರಿಗೆ ಯಾವುದು ಬಾಯಿಗೆ ಬರುತ್ತದೋ ಅದರಲ್ಲಿ ಮಾತಾಡಿದರು. ಮನೆಯವರ ಎದುರು ಬಾಯಿ ಬಿಡದ ಒಬ್ಬ ಯುವಕ ಹೇಳಿದ: ‘ನಾನು ಅಲ್ಲೇ ಕೂತಿರ್ತೀನಿ. ಡಾಕ್ಟರು ನಮ್ಮಣ್ಣನ ಮುಖ ನೋಡಿ, ಹೇಗಿದ್ದಾನೆ, ನಿದ್ದೆ ಮಾಡ್ತಾನಾ ಅಂತ ಕೇಳ್ತಾರೆ.’ ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಮೊದಲ ಐದು ನಿಮಿಷ ನಾವು ಒಬ್ಬರೇ ಡಾಕ್ಟರ ಜೊತೆ ಮಾತಾಡಬೇಕು ಅನ್ನುವುದು ಅವರ ಮೊದಲ ಬೇಡಿಕೆಯಾಯಿತು.

ಮನೆಯವರು ಇದನ್ನು ಒಪ್ಪಲಿಲ್ಲ. ‘ಕುಡಿದದ್ದು, ಮಾತ್ರೆ ಎಸೆದದ್ದು ಅವನು ಹೇಳ್ತಾನಾ? ರಾತ್ರಿಯೆಲ್ಲ ಎದ್ದು ಕಾಯುವವರು ನಾವು’ ಅಂದರು ಒಬ್ಬ ತಾಯಿ. ಆಕೆಯ ಮಾತಿನಲ್ಲೂ ಸತ್ಯವಿತ್ತು. ಎರಡೂ ಗುಂಪು ಒಟ್ಟಿಗೆ ಕೂತು ಸುಮಾರು ಹೊತ್ತು ವಾದ ಮಾಡಿ ತಾವೇ ಒಂದು ಕ್ರಮಕ್ಕೆ ಬಂದರು: ಮೊದಲು ರೋಗಿ ಒಬ್ಬರೇ, ಆಮೇಲೆ ಇಬ್ಬರೂ. ಮನೆಯವರು ಬೇರೆಯಾಗಿ ಏನಾದರೂ ಹೇಳುವುದಿದ್ದರೆ ರೋಗಿಗೆ ತಿಳಿಸಿಯೇ ಹೇಳಬೇಕು. ಈಗಲೂ ಅದೇ ಕ್ರಮ ನಡೆದಿದೆ. ನಾನೇ ಕೂತು ಬರೆದಿದ್ದರೆ ಆ ಕೊನೆಯ ಸಾಲು ನನಗೆ ಹೊಳೆಯುತ್ತಿರಲಿಲ್ಲ.

ಕಾಫಿ ಕೊಯ್ಲಿನ ಗುಟ್ಟೂ ಬಯಲಾಯಿತು. ಕೊಯ್ಲಿನ ಕಾಲದಲ್ಲಿ ಕೂಲಿ ಕಿಲೋ ಲೆಕ್ಕ. ಮಂಗಳವಾರ ಕ್ಲಿನಿಕ್ಕಿಗೆ ಬಂದರೆ ರೋಗಿಯದೂ ಜೊತೆಯವರದೂ ದುಡಿಮೆ ಹೋಯಿತು. ಅದರ ಮೇಲೆ ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆಯೂ ಇಳಿಯದೆ ಕೈ ಓಡುವುದಿಲ್ಲ. ಹೀಗಾಗಿ ಮಾತ್ರೆಯನ್ನೇ ಬಿಡುತ್ತಿದ್ದರು. ಡಾಕ್ಟರು ಒಬ್ಬೊಬ್ಬರ ಔಷಧಿ ನೋಡಿ, ಸಾಧ್ಯವಿದ್ದವರಿಗೆ ಮಲಗುವ ಹೊತ್ತಿನ ಬದಲು ಸಂಜೆ ಬೇಗ ತೆಗೆದುಕೊಳ್ಳುವ ಹಾಗೆ ಮಾಡಿದರು, ಕೆಲವರ ಡೋಸ್ ಬದಲಿಸಿದರು. ಸ್ಥಿರವಾಗಿರುವವರಿಗೆ ಹೆಚ್ಚು ದಿನದ ಮಾತ್ರೆ ಕೊಡತೊಡಗಿದೆವು. ಮಳೆಗಾಲಕ್ಕೂ ಇದೇ ಲೆಕ್ಕ ಹಾಕಿದವರು ಅವರೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಕಡಿದದ್ದನ್ನು ಕೊಡಗಿನಲ್ಲಿ ಯಾರೂ ಮರೆತಿಲ್ಲ. ಈಗ ಮೇ ತಿಂಗಳಲ್ಲೇ ಹೆಚ್ಚುವರಿ ಮಾತ್ರೆ ಕೊಡುತ್ತೇವೆ, ಲಿಥಿಯಂ ಅನ್ನುವ, ರಕ್ತದಲ್ಲಿ ಅದರ ಮಟ್ಟ ನೋಡುತ್ತಿರಬೇಕಾದ ಮಾತ್ರೆ ತೆಗೆದುಕೊಳ್ಳುವವರ ರಕ್ತಪರೀಕ್ಷೆಯನ್ನು ಮಳೆ ಹಿಡಿಯುವ ಮೊದಲು ಒಮ್ಮೆ ಮಾಡಿಸುತ್ತೇವೆ. ಮಾತ್ರೆಯ ಕವರಿನ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದೊಡ್ಡದಾಗಿ ಬರೆಯುತ್ತೇವೆ. ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡುವುದು ಅನ್ನುವುದು ಮನೆಯವರ ದೊಡ್ಡ ಚಿಂತೆಯಾಗಿತ್ತು.

ನನ್ನನ್ನು ಬೆಚ್ಚಿಬೀಳಿಸಿದ ಮಾತು ಬಂದದ್ದು ಒಬ್ಬ ಹಿರಿಯ ಕೊಡವ ಹೆಂಗಸಿನಿಂದ. ‘ಮಾತ್ರೆ ನುಂಗಿದನಾ ಅಂತ ಪ್ರತಿ ಸಲ ಕೇಳ್ತೀರಿ. ಮನೇಲಿ ಕೋವಿ ಇದೆಯಾ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ’ ಅಂದರು. ಕೊಡವರಿಗೂ, ಜಮ್ಮಾ ಅನ್ನುವ ಹಳೆಯ ವಂಶಪಾರಂಪರ್ಯ ಭೂ ಹಿಡುವಳಿ ಇರುವವರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆ ಕೋವಿಗೇ, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ. ಮರ್ಯಾದೆಯ ವಸ್ತು ಅದು, ತೆಗೆದುಹಾಕಿ ಅಂತ ಹೊರಗಿನವರು ಹೇಳಿದರೆ ಯಾರೂ ಕೇಳುವುದಿಲ್ಲ. ದಾರಿ ತೋರಿಸಿದ್ದೂ ಆಕೆಯೇ: ಮಗನಿಗೆ ಹುಷಾರಿಲ್ಲದಷ್ಟು ಕಾಲ ಕೋವಿ ಅಣ್ಣನ ಮನೆಯಲ್ಲಿ ಇರಲಿ, ಹಬ್ಬದ ದಿನ ಹಿರಿಯರು ತಂದು ಪೂಜೆ ಮುಗಿಸಿ ವಾಪಸ್ ಒಯ್ಯಲಿ. ಆ ಕುಟುಂಬ ಹಾಗೆಯೇ ಮಾಡಿತು. ಈಗ ಹೊಸಬರು ಯಾರೇ ಬಂದರೂ ಕೋವಿ ಎಲ್ಲಿದೆ, ತೋಟಕ್ಕೆ ಹೊಡೆಯುವ ಔಷಧಿಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳುವುದು ನಮ್ಮ ಮೊದಲ ದಿನದ ಪ್ರಶ್ನೆಗಳಲ್ಲೇ ಸೇರಿದೆ.

ಕಾನೂನಿನ ಬಲವೂ ನಮಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೇ ಕಾಯಿಲೆ ಅನುಭವಿಸಿದವರ ಪರವಾಗಿ ಇಬ್ಬರು, ಆರೈಕೆ ಮಾಡುವವರ ಪರವಾಗಿ ಇಬ್ಬರು ಇರಬೇಕು. ಸೇವೆಯಲ್ಲಿ ಕೊರತೆಯಿದ್ದರೆ ದೂರು ಕೊಡುವ ಹಕ್ಕೂ ಇದೆ. ತನ್ನ ಪರವಾಗಿ ಯಾರು ನಿಲ್ಲಬೇಕು ಅಂತ ರೋಗಿ ಒಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಬಹುದು, ಆ ವ್ಯಕ್ತಿಯೂ ಬರವಣಿಗೆಯಲ್ಲಿ ಒಪ್ಪಬೇಕು. ಇದನ್ನು ಓದಿ ಹೇಳಿದ ದಿನ ಒಬ್ಬಾಕೆ ಗಂಡನ ಹೆಸರು ಬಿಟ್ಟು ತಂಗಿಯ ಹೆಸರು ಬರೆಸಿದರು. ಕಾರಣ ನಾವು ಕೇಳಲಿಲ್ಲ, ಕೇಳಬೇಕಾಗಿಯೂ ಇಲ್ಲ.

ಪ್ರತಿ ಸಭೆಯ ಶುರುವಿಗೆ ಹಿಂದಿನ ಸಲ ಕೇಳಿದ್ದರಲ್ಲಿ ಆದದ್ದು ಯಾವುದು, ಆಗದ್ದು ಯಾವುದು, ಯಾಕೆ ಅಂತ ಓದುತ್ತೇವೆ. ಓದುವವರು ಈಗ ಗುಂಪಿನವರೇ. ಕಾರಿಡಾರಿನಲ್ಲಿ ಹೆಸರು ಕೂಗುವುದು ನಿಂತು ಟೋಕನ್ ಬಂದಿದೆ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಅದು ಸಣ್ಣ ವಿಷಯವಲ್ಲ. ಭಾನುವಾರವೂ ಕ್ಲಿನಿಕ್ ಬೇಕು ಅನ್ನುವ ಬೇಡಿಕೆ ಮಾತ್ರ ಆಗದ ಪಟ್ಟಿಯಲ್ಲೇ ಇದೆ, ಅದು ನಮ್ಮ ಮಟ್ಟದಲ್ಲಿ ತೀರ್ಮಾನವಾಗುವಂಥದ್ದಲ್ಲ. ಈ ಸಲದ ಕೊಯ್ಲು ಶುರುವಾಗುವ ಮೊದಲು ಗುಂಪಿನ ಇಬ್ಬರು ಅದಕ್ಕಾಗಿ ಜಿಲ್ಲಾ ಕೇಂದ್ರ ಮಡಿಕೇರಿಗೆ ಅರ್ಜಿ ಒಯ್ಯುತ್ತಾರೆ. ಅರ್ಜಿ ಅವರೇ ಬರೆದಿದ್ದಾರೆ, ನಾನು ಬಸ್ಸಿನ ಹೊತ್ತು ನೋಡಿಕೊಟ್ಟಿದ್ದೇನೆ.